ಕಾಕನಕೋಟೆ ಕಾಡಿನಲ್ಲಿ ಮಹಾರಾಜರ ಬೇಟೆ ಕಾಲದ್ದು ಏನು ಉಳಿದಿದೆ?

ಅಂಚೆಚೀಲ

ಎಲ್ಲರಿಗೂ ನಮಸ್ಕಾರ. ಮೈಸೂರು ಮಹಾರಾಜರು ಬೇಟೆಗೆ ಹೋಗುತ್ತಿದ್ದ ಕಾಡನ್ನು ಒಮ್ಮೆ ನೋಡಬೇಕು ಅಂತ ಆಸೆ. ಹುಲಿ ಕಂಡರೆ ಸಂತೋಷ, ಕಾಣದಿದ್ದರೆ ಬೇಸರವಿಲ್ಲ. ನನಗೆ ಬೇಕಿರುವುದು ಖೆಡ್ಡಾ (ಕಾಡಾನೆ ಹಿಂಡನ್ನು ಅಟ್ಟಿ ಹಿಡಿಯುವುದು) ನಡೆದ ಜಾಗ, ಬೇಟೆ ಬಂಗಲೆ, ಆ ಕಾಲದ ಏನಾದರೂ ಕುರುಹು. ನೆಟ್‌ನಲ್ಲಿ ಹುಡುಕಿದರೆ ಬರೀ ಕರಿಚಿರತೆ ಫೋಟೋ, ರೆಸಾರ್ಟ್ ಜಾಹೀರಾತು. ಎಚ್.ಡಿ. ಕೋಟೆ ಕಡೆಯ ಕಾಕನಕೋಟೆಯಲ್ಲಿ ಈಗ ನೋಡುವಂಥದ್ದು ಏನಿದೆ? ಅಥವಾ ಬಂಡೀಪುರಕ್ಕೆ ಹೋಗುವುದು ಮೇಲಾ? ಜೊತೆಗೆ ಅಪ್ಪ ಇರುತ್ತಾರೆ. ಅವರಿಗೆ ಮಂಡಿನೋವು, ಜಾಸ್ತಿ ನಡೆಸಲು ಆಗುವುದಿಲ್ಲ. ಗೊತ್ತಿರುವವರು ತಿಳಿಸಿ.

ಹಳೇಪುಟ

ಮೊದಲೇ ಹೇಳಿಬಿಡುತ್ತೇನೆ ಸರ್, ಆಮೇಲೆ ನಿರಾಸೆ ಆಗಬಾರದು. ನೀವು ನೋಡಬೇಕು ಅಂದುಕೊಂಡಿರುವ ಹಳೇ ಕಾಕನಕೋಟೆ ನೀರಿನಡಿ ಇದೆ. ಕೊನೆಯ ಖೆಡ್ಡಾ ನಡೆದಿದ್ದು 1971ರ ಜನವರಿಯಲ್ಲಿ. 1974ಕ್ಕೆ ಬೀಚನಹಳ್ಳಿ ಹತ್ತಿರ ಕಬಿನಿ ಅಣೆಕಟ್ಟು ಮುಗಿಯಿತು. ಆನೆಗಳನ್ನು ಹೊಳೆ ದಾಟಿಸುತ್ತಿದ್ದ ಜಾಗ, ಹಳೇ ರಸ್ತೆ, ಸುತ್ತಲಿನ ಕಾಡು, ಹಳ್ಳಿಗಳು ಎಲ್ಲವೂ ಹಿನ್ನೀರಿನಲ್ಲಿ ಮುಳುಗಿದವು.

ಹಾಗಂತ ಹೋಗಬೇಡಿ ಅಂತ ಅಲ್ಲ. ಕಥೆ ಗೊತ್ತಿದ್ದು ಹೋದರೆ ಆ ನೀರೇ ಬೇರೆ ರೀತಿ ಕಾಣುತ್ತದೆ.

ಖೆಡ್ಡಾ ಅಂದರೆ ಮಹಾರಾಜರ ಕಾಲದ್ದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಶುರುವಾದಾಗ ಆಳುತ್ತಿದ್ದದ್ದು ರಾಜರಲ್ಲ. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಆಗ ಇಲ್ಲಿ ನಾಲೆಗಳ ಕೆಲಸ ನೋಡಿಕೊಳ್ಳುತ್ತಿದ್ದ ಜಿ.ಪಿ. ಸ್ಯಾಂಡರ್ಸನ್ ಎಂಬ ಅಧಿಕಾರಿ ಆನೆ ಹಿಡಿಯುವ ಕೆಲಸಕ್ಕೆ ಕೈಹಾಕಿದ. 1874ರಲ್ಲಿ ಅವನಿಗೆ ಮೊದಲ ಗೆಲುವು ಸಿಕ್ಕಿದ್ದು ಚಾಮರಾಜನಗರದ ಕಡೆ, ಕಾಕನಕೋಟೆಯಲ್ಲಲ್ಲ. ಅದಕ್ಕೂ ಸುಮಾರು ನೂರು ವರ್ಷ ಹಿಂದೆ ಹೈದರಾಲಿ ಕಾಕನಕೋಟೆಯಲ್ಲಿ ಪ್ರಯತ್ನ ಮಾಡಿ ಸೋತಿದ್ದನಂತೆ. ಇನ್ನು ಯಾರಿಗೂ ಇದು ಆಗದು, ಪ್ರಯತ್ನಿಸಿದವನಿಗೆ ನನ್ನ ಶಾಪ ತಟ್ಟಲಿ ಅಂತ ಕಲ್ಲಿನ ಮೇಲೆ ಬರೆಸಿದ್ದ ಎಂದು ಸ್ಯಾಂಡರ್ಸನ್ ಬರೆದಿದ್ದಾನೆ. ತಾನು ಗೆದ್ದ ಮೇಲೆ ಬರೆದಿದ್ದು ಬೇರೆ, ಸ್ವಲ್ಪ ಜಂಬ ಇದ್ದೇ ಇರುತ್ತದೆ!

ರಾಜ್ಯ ಮತ್ತೆ ಒಡೆಯರ ಕೈಗೆ ಬಂದ ಮೇಲೆ ಕಾಕನಕೋಟೆಯ ಖೆಡ್ಡಾ ದೊಡ್ಡ ದರ್ಬಾರಿನಂತೆ ಆಯಿತು. ವೈಸ್‌ರಾಯ್ ಬಂದರೆ ಖೆಡ್ಡಾ, ವಿದೇಶದ ರಾಜಮನೆತನದವರು ಬಂದರೆ ಖೆಡ್ಡಾ. ನಡೆಯುತ್ತಿದ್ದ ಬಗೆ ಹೀಗೆ. ಆನೆ ಹಿಂಡು ಎಲ್ಲಿದೆ ಎಂದು ಮೊದಲು ಕಾಡಿನ ಜನ ಜಾಡು ಹಿಡಿದು ಪತ್ತೆ ಮಾಡಬೇಕು. ನೂರಾರು ಜನ ದೂರದಿಂದ ಸುತ್ತುವರಿದು, ದಿನಗಟ್ಟಲೆ ಕಾವಲು ಕಾದು, ಹಿಂಡನ್ನು ಮೆಲ್ಲಗೆ ಹೊಳೆಯ ಕಡೆಗೆ ತರಬೇಕು. ಅತಿಥಿಗಳು ಬಂದು ಕೂತ ದಿನ ತಮಟೆ, ಕೂಗು, ಈಡು. ಆನೆಗಳು ಹೊಳೆಗೆ ಇಳಿಯುತ್ತವೆ. ಪಳಗಿದ ಆನೆಗಳ ಸಾಲು ಹಿಂದಿನಿಂದ ಒತ್ತುತ್ತದೆ. ಆಚೆ ದಡ ಹತ್ತಿದರೆ ಎದುರಿಗೆ ದಪ್ಪ ದಿಮ್ಮಿ ನೆಟ್ಟ ದೊಡ್ಡಿ. ಒಳಗೆ ಹೋದ ಕೂಡಲೇ ಬಾಗಿಲು ಬೀಳುತ್ತದೆ. ಆಮೇಲೆ ಕುಮ್ಕಿ ಆನೆಗಳ (ಕಾಡಾನೆ ಹಿಡಿಯಲು ಪಳಗಿಸಿದವು) ಮೇಲೆ ಮಾವುತರು ಒಳಗೆ ಹೋಗಿ ಒಂದೊಂದಕ್ಕೇ ಹಗ್ಗ ಹಾಕುತ್ತಿದ್ದರು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಅಪಾಯದ್ದು ಇದೇ. ಗ್ಯಾಲರಿಯಲ್ಲಿ ಕೂತು ಕೈತಟ್ಟಿದವರ ಫೋಟೋ ಉಳಿದಿದೆ, ಹಗ್ಗ ಹಾಕಿದವರ ಹೆಸರು ಉಳಿದಿಲ್ಲ.

1873ರಿಂದ 1971ರವರೆಗೆ ಮೈಸೂರು ಸೀಮೆಯಲ್ಲಿ 36 ಖೆಡ್ಡಾ ನಡೆದು ಸಾವಿರಕ್ಕೂ ಹೆಚ್ಚು ಆನೆ ಹಿಡಿದರು ಎನ್ನುವುದು ಲೆಕ್ಕ. ಹೆಚ್ಚಿನವು ಕಾಕನಕೋಟೆಯವು.

ಬೈನಾಕ್ಯುಲರ್

ಹಳೇಪುಟ ಸರ್, ಸೊಗಸಾಗಿ ಬರೆದಿದ್ದೀರಿ.

ಅಂಚೆಚೀಲ, ಬಂಗಲೆ ವಿಷಯಕ್ಕೆ ಬರುತ್ತೇನೆ. ಕಾರಾಪುರದಲ್ಲಿರುವ ಸರ್ಕಾರಿ ಜಂಗಲ್ ಲಾಡ್ಜಸ್‌ನವರ ಕಬಿನಿ ಲಾಡ್ಜ್ ಇದೆಯಲ್ಲ, ಅದು ಹಳೇ ಬೇಟೆ ಶಿಬಿರದ ಜಾಗವೇ. ಮಹಾರಾಜರ ಬಂಗಲೆ, ವೈಸ್‌ರಾಯ್ ಬಂಗಲೆ ಎರಡೂ ಆವರಣದ ಒಳಗಿವೆ. ಅಲ್ಲಿ ತಂಗಿದವರು ಆರಾಮವಾಗಿ ನೋಡಬಹುದು. ಬರೀ ಬಂಗಲೆ ನೋಡಿ ಬರುತ್ತೇವೆ ಅನ್ನುವವರು ಮೊದಲೇ ಫೋನ್ ಮಾಡಿ ಕೇಳುವುದು ಒಳ್ಳೆಯದು. ಅರಮನೆ ಥರ ಇರುತ್ತದೆ ಅಂತ ನಿರೀಕ್ಷೆ ಬೇಡ. ಹೆಂಚಿನ ಮಾಡು, ದೊಡ್ಡ ಜಗಲಿ, ಎತ್ತರದ ಕೋಣೆ. ನನಗಂತೂ ಹಳೇ ಪ್ರವಾಸಿ ಮಂದಿರ ನೋಡಿದಂತೆ ಅನಿಸಿತು.

ಈ ಲಾಡ್ಜ್ ಕಟ್ಟಿ ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ ಮೊದಲು ಶಿಕಾರಿ, ಆಮೇಲೆ ಕಾಡು ತೋರಿಸುವವರಾದರು. 2010ರಲ್ಲಿ ತೀರಿಕೊಂಡರು. ಎಲ್ಲರ ಬಾಯಲ್ಲೂ ಅವರು 'ಪಾಪಾ'.

ಅಪ್ಪನಿಗೆ ದೋಣಿ ಸಫಾರಿ ಹೇಳಿ ಮಾಡಿಸಿದ್ದು. ಜೀಪಿನಲ್ಲಿ ಸೊಂಟ ಅಲ್ಲಾಡಿಹೋಗುತ್ತದೆ, ದೋಣಿಯಲ್ಲಿ ಆ ಕಷ್ಟವಿಲ್ಲ. ಹಿನ್ನೀರಿನಲ್ಲಿ ಒಣಗಿದ ಮರದ ಬೊಡ್ಡೆಗಳು ನಿಂತಿರುವುದು ಕಾಣುತ್ತದೆ, ಅದರ ಮೇಲೆಲ್ಲ ನೀರುಕಾಗೆ ರೆಕ್ಕೆ ಹರಡಿಕೊಂಡು ಕೂತಿರುತ್ತವೆ. ಅವೇ ಮುಳುಗಿದ ಕಾಡಿನ ಮರಗಳು. ಖೆಡ್ಡಾ ಕಾಲದ ಕುರುಹು ಬೇಕು ಅಂದಿರಲ್ಲ, ಕಣ್ಣೆದುರು ಅದಕ್ಕಿಂತ ಜಾಸ್ತಿ ಏನೂ ಸಿಗುವುದಿಲ್ಲ.

ಕಾಲ: ಮಾರ್ಚ್‌ನಿಂದ ಮೇ. ನೀರು ಇಳಿದು ದಡದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಸುತ್ತಲಿನ ಕಾಡು ಒಣಗಿದಾಗ ನಾಗರಹೊಳೆ, ಬಂಡೀಪುರ, ವಯನಾಡು ಕಡೆಯ ಆನೆಗಳೆಲ್ಲ ಇಲ್ಲಿಗೇ ಬರುತ್ತವೆ. ಮಳೆಗಾಲದಲ್ಲಿ ಹಿನ್ನೀರು ತುಂಬಿ ಕಾಡಿನ ಅಂಚು ಮುಟ್ಟುತ್ತದೆ, ಆನೆಗಳು ಚದುರಿಹೋಗುತ್ತವೆ.

ಹಂಗಳದ ಹುಡುಗ

ನಮ್ಮ ಬಂಡೀಪುರಕ್ಕೂ ಬನ್ನಿ ಸಾರ್, ಯಾಕೆ ಬಿಡ್ತೀರಿ. 1931ರಲ್ಲಿ ಮಹಾರಾಜರು ಸುಮಾರು 90 ಚದರ ಕಿಲೋಮೀಟರ್ ಕಾಡನ್ನು ಪ್ರಾಣಿಗಳಿಗೆ ಅಂತ ಮೀಸಲಿಟ್ಟರು. ಹತ್ತು ವರ್ಷದ ಮೇಲೆ, 1941ರಲ್ಲಿ, ಅದನ್ನು ಸುಮಾರು 800 ಚದರ ಕಿಲೋಮೀಟರ್‌ಗೆ ಹಿಗ್ಗಿಸಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಅಂತ ಹೆಸರಿಟ್ಟರು. ಬೆಟ್ಟದ ಗೋಪಾಲಸ್ವಾಮಿ ಹೆಸರು ಅದು. 1973ರಲ್ಲಿ ಹುಲಿ ಯೋಜನೆ ಬಂದಾಗ ದೇಶದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು.

ಅಂದರೆ ರಾಜರು ಬೇಟೆಗೆ ಅಂತ ಕಾಪಾಡಿದ್ದರಿಂದಲೇ ಕಾಡು ಉಳಿದದ್ದು. ಇಲ್ಲದಿದ್ದರೆ ಇಷ್ಟೊತ್ತಿಗೆ ಎಲ್ಲ ಹೊಲ, ಲೇಔಟ್ ಆಗಿರುತ್ತಿತ್ತು. ಅವರನ್ನು ನೆನೆಯಬೇಕು.

ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಗಾಡಿ ಬಿಡುವುದಿಲ್ಲ, ಕೆಳಗೆ ನಿಲ್ಲಿಸಿ ಸರ್ಕಾರಿ ಬಸ್ಸಲ್ಲಿ ಹೋಗಬೇಕು. ಅಪ್ಪ ಬರಬಹುದು.

ಕಪಿಲಾ ತೀರ

> ರಾಜರು ಬೇಟೆಗೆ ಅಂತ ಕಾಪಾಡಿದ್ದರಿಂದಲೇ ಕಾಡು ಉಳಿದದ್ದು

ಇದನ್ನು ಓದಿ ಸುಮ್ನೆ ಹೋಗಲು ಆಗಲಿಲ್ಲ. ನಾನು ಎಚ್.ಡಿ. ಕೋಟೆ ಕಡೆಯವನು.

ಕಾಪಾಡಿದ್ದು ಯಾರಿಂದ ಅಂತ ಕೇಳಿ ನೋಡಿ. 1901ರಲ್ಲಿ ಮೈಸೂರಿನಲ್ಲಿ ಬೇಟೆ ಮತ್ತು ಮೀನು ರಕ್ಷಣೆಯ ಕಾನೂನು ಬಂತು. ಲೈಸೆನ್ಸ್ ಇದ್ದ ದೊರೆಗಳು, ಅಧಿಕಾರಿಗಳು ಹೊಡೆದರೆ ಶಿಕಾರಿ. ಹಾಡಿಯ (ಕಾಡಿನ ಆದಿವಾಸಿಗಳ ಊರು) ಜೇನುಕುರುಬ ಮೊಲಕ್ಕೆ ಉರುಳು ಹಾಕಿದರೆ ಕಳ್ಳಬೇಟೆ. ಅದೇ ಜನ ಇಲ್ಲದೆ ಒಂದು ಖೆಡ್ಡಾ ಕೂಡ ನಡೆಯುತ್ತಿರಲಿಲ್ಲ. ಜಾಡು ನೋಡಿದವರು ಅವರು, ಕಾಡು ಸೋವಿ ಆನೆ ಅಟ್ಟಿದವರು ಅವರು, ಹಿಡಿದ ಆನೆ ಪಳಗಿಸಿದವರು ಅವರು. ಇವತ್ತಿಗೂ ದಸರಾ ಆನೆಗಳ ಮಾವುತ, ಕಾವಾಡಿಗಳಲ್ಲಿ (ಮಾವುತನ ಸಹಾಯಕರು) ಜೇನುಕುರುಬರು ಎಷ್ಟು ಜನ ಇದ್ದಾರೆ ನೋಡಿ.

ನಮ್ಮ ತಾತ ಖೆಡ್ಡಾದಲ್ಲಿ ಸೋವಲು ಹೋದವರು. ಅವರು ಹೇಳುತ್ತಿದ್ದದ್ದು ರಾಜರ ವೈಭವ ಅಲ್ಲ, ಚಳಿ. ರಾತ್ರಿಯಿಡೀ ಬೆಂಕಿ ಆರದಂತೆ ನೋಡಿಕೊಳ್ಳಬೇಕು. ಬೆಂಕಿಗಳ ನಡುವೆ ಕತ್ತಲು ಬಿಟ್ಟರೆ ಆನೆ ಅಲ್ಲೇ ನುಗ್ಗಿ ಹೋಗುತ್ತದೆ. ಆಮೇಲೆ ಇಷ್ಟು ದಿನದ ಕೆಲಸ ನೀರಲ್ಲಿ ಹೋಮ, ಮೇಲಿನವರ ಬೈಗುಳ ಬೇರೆ.

ಅಣೆಕಟ್ಟು ಬಂದಾಗ ಹಳ್ಳಿ, ಹಾಡಿ ಮುಳುಗಿದವು. ನಾಗರಹೊಳೆ 1955ರಲ್ಲಿ ಅಭಯಾರಣ್ಯ ಆಯಿತು, ಆಮೇಲೆ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಪ್ರತಿ ಸಲ ಹೆಸರು ಬದಲಾದಾಗ ಇನ್ನಷ್ಟು ಹಾಡಿಗಳನ್ನು ಹೊರಗೆ ಹಾಕಿದರು. ಕಾಡು ಉಳಿಯಿತು ಸ್ವಾಮಿ, ಒಪ್ಪುತ್ತೇನೆ. ಉಳಿಸಿದ ಲೆಕ್ಕದಲ್ಲಿ ಅವರ ಹೆಸರೂ ಬರೆಯಿರಿ ಅಷ್ಟೇ.

ಹಂಗಳದ ಹುಡುಗ

ಅಣ್ಣ, ನಾನು ಅವರಿಗೆ ಅನ್ಯಾಯ ಆಗಿಲ್ಲ ಅಂತ ಹೇಳಿಲ್ಲ. ಆದರೆ ಕಾಯ್ದೆ ಇಲ್ಲದಿದ್ದರೆ ಹುಲಿ ಉಳಿಯುತ್ತಿತ್ತಾ? ಅದನ್ನು ಹೇಳಿ.

ಹಳೇಪುಟ

ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಒಂದು ವಿಷಯ ಸೇರಿಸಲೇಬೇಕು. ರಾಜರ ಕಾಲದ ಕಾಯ್ದೆ ಹುಲಿ ಉಳಿಸಲು ಇದ್ದದ್ದಲ್ಲ. ಹುಲಿಯನ್ನು ಯಾರು ಹೊಡೆಯಬೇಕು ಎಂದು ತೀರ್ಮಾನಿಸಲು ಇದ್ದದ್ದು. ಆ ಕಾಲದಲ್ಲಿ ಹುಲಿ ಪೀಡೆ ಎನ್ನುವ ಲೆಕ್ಕವೇ ಜಾಸ್ತಿ, ಕೊಂದರೆ ಇನಾಮು ಕೊಡುತ್ತಿದ್ದರು. ಮೈಸೂರಿನಲ್ಲೇ ವ್ಯಾನ್ ಇಂಗೆನ್ ಎಂಬ ಕಾರ್ಖಾನೆ ಇತ್ತು. ಹುಲಿ ಚಿರತೆಗಳ ಚರ್ಮವನ್ನು ಕಾಗದದ ತಿರುಳಿನ ಬೊಂಬೆಗೆ ಹೊದಿಸಿ ಜೀವ ಇರುವಂತೆ ನಿಲ್ಲಿಸುವುದೇ ಅವರ ಕಸುಬು. ದೇಶದ ರಾಜರೆಲ್ಲ ಅವರ ಗಿರಾಕಿಗಳು. ಅವರ ಕೈಯಲ್ಲಿ ಹಾದುಹೋದ ಹುಲಿ ಚಿರತೆಗಳ ಸಂಖ್ಯೆ ಹತ್ತಾರು ಸಾವಿರ. 1999ರವರೆಗೂ ಕಾರ್ಖಾನೆ ನಡೆಯಿತು, ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಳೇ ವ್ಯಾಪಾರ ಎಲ್ಲಿ ಉಳಿಯುತ್ತದೆ.

ಅಂದರೆ ರಾಜರ ಬೇಟೆಯಿಂದ ಹುಲಿ ಉಳಿಯಲಿಲ್ಲ. ನೆಲ ಉಳಿಯಿತು. ಹೊಲ ಆಗದೆ ಉಳಿದ ಆ ನೆಲದಲ್ಲಿ ಮುಂದೆ ಹುಲಿಗೆ ಜಾಗ ಸಿಕ್ಕಿತು. ಇವೆರಡನ್ನೂ ಒಂದೇ ಮಾಡಬಾರದು.

ಇನ್ನೊಂದು. ಅದು ಮುಟ್ಟದ ಕಾಡೂ ಅಲ್ಲ. ಸಫಾರಿಗೆ ಹೋದಾಗ ಸಾಲು ಹಿಡಿದು ನೆಟ್ಟಂತೆ ತೇಗದ ಮರ ಕಾಣುತ್ತವೆ. ನೆಟ್ಟಂತೆ ಏನು, ನೆಟ್ಟದ್ದೇ. ಮರಮುಟ್ಟಿಗೆ ಅಂತ ಸಹಜ ಕಾಡು ಕಡಿದು ತೇಗ ಬೆಳೆಸಿದರು. ಖೆಡ್ಡಾದಲ್ಲಿ ಹಿಡಿದ ಆನೆಗಳ ಒಂದು ಮುಖ್ಯ ಕೆಲಸವೇ ದಿಮ್ಮಿ ಎಳೆಯುವುದು. ಈಗ ಅದರ ಅಡಿಯಲ್ಲೆಲ್ಲ ಲಂಟಾನ ಕಳೆ ಹಬ್ಬಿದೆ, ಹುಲ್ಲು ಬೆಳೆಯಲು ಜಾಗವಿಲ್ಲ.

ಸಂಪಿಗೆ

ಜಗಳ ಚೆನ್ನಾಗಿದೆ, ಆದರೆ ಪಾಪ ಅಂಚೆಚೀಲ ಕೇಳಿದ್ದು ಬೇರೆ ಅಲ್ವಾ?

ನನ್ನದು ಒಂದು ಸಲಹೆ. ಖೆಡ್ಡಾದ ಜಾಗ ಮುಳುಗಿದರೂ ಖೆಡ್ಡಾದಲ್ಲಿ ಸಿಕ್ಕ ಆನೆಗಳು ಮೊನ್ನೆ ಮೊನ್ನೆವರೆಗೆ ಇದ್ದವು. ದಸರಾದಲ್ಲಿ ಹದಿನೆಂಟು ಸಲ ಅಂಬಾರಿ ಹೊತ್ತ ದ್ರೋಣ 1935ರ ಖೆಡ್ಡಾದವನು. ಅರ್ಜುನ ಗೊತ್ತಲ್ಲ, ಎಲ್ಲರ ಮೆಚ್ಚಿನ ಅರ್ಜುನ, ಅವನೂ 1968ರಲ್ಲಿ ಇದೇ ಕಾಕನಕೋಟೆ ಖೆಡ್ಡಾದಲ್ಲಿ ಸಿಕ್ಕವನು. 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಕಡೆ ಕಾಡಾನೆಗೆ ರೇಡಿಯೋ ಕಾಲರ್ ಹಾಕಲು ಹೋದಾಗ ಆ ಆನೆಯ ಜೊತೆ ಕಾದಾಡಿ ಸತ್ತ. ಅವತ್ತು ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಅವನಿದ್ದದ್ದು ನಾಗರಹೊಳೆ ಕಾಡಿನ ಬಳ್ಳೆ ಆನೆ ಶಿಬಿರದಲ್ಲಿ. ಮೈಸೂರು–ಮಾನಂದವಾಡಿ ರಸ್ತೆ ಆ ಕಾಡಿನ ನಡುವೆಯೇ ಹೋಗುತ್ತದೆ, ಬಳ್ಳೆ ಆ ದಾರಿಯಲ್ಲೇ ಬರುತ್ತದೆ. ಕಾಡಿನೊಳಗೆ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ಇಳಿಯುವಂತಿಲ್ಲ. ಆನೆ ನೋಡಬೇಕಾದರೆ ಸಿಬ್ಬಂದಿಯನ್ನು ಕೇಳಿಯೇ ನೋಡಿ.

ಮಕ್ಕಳಿಗೆ ಹೇಳಲು ಇನ್ನೊಂದು ಕಥೆ: ಕಾರಾಪುರದ ಮಾವುತನ ಮಗ ಸಾಬು. 1924ರಲ್ಲಿ ಹುಟ್ಟಿದ ಹುಡುಗ. 1930ರ ದಶಕದಲ್ಲಿ ಸಿನಿಮಾ ತೆಗೆಯಲು ಬಂದವರ ಕಣ್ಣಿಗೆ ಬಿದ್ದು, ಇಂಗ್ಲೆಂಡಿಗೆ, ಆಮೇಲೆ ಹಾಲಿವುಡ್ಡಿಗೆ ಹೋಗಿ ದೊಡ್ಡ ನಟನಾದ. ಇವತ್ತು ಕಾರಾಪುರಕ್ಕೆ ಹೋಗುವ ನೂರು ಜನರಲ್ಲಿ ಒಬ್ಬರಿಗೂ ಅವನ ಹೆಸರು ಗೊತ್ತಿರುವುದಿಲ್ಲ.

ಬೈನಾಕ್ಯುಲರ್

ಸಾಬು ವಿಷಯ ಈಗಲೇ ಕೇಳಿದ್ದು ಮೇಡಂ, ಥ್ಯಾಂಕ್ಸ್.

ಅಂಚೆಚೀಲ

ಇಷ್ಟೊಂದು ಮಾಹಿತಿ ಸಿಗುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ವಂದನೆ. ಎರಡು ಪ್ರಶ್ನೆ. ಖೆಡ್ಡಾ ಶುರುವಾದದ್ದು ಚಾಮರಾಜನಗರದ ಕಡೆ ಅಂದಿರಿ, ಆ ಕಡೆ ನೋಡುವಂಥದ್ದು ಇದೆಯಾ? ಮತ್ತೆ, ಲಾಡ್ಜ್‌ನಲ್ಲಿ ತಂಗದೆ ಕಬಿನಿ ಸಫಾರಿ ಮಾಡಲು ದಾರಿ ಇದೆಯಾ? ಇಬ್ಬರಿಗೆ ಅಲ್ಲಿ ತಂಗುವುದು ಜೇಬಿಗೆ ಸ್ವಲ್ಪ ಭಾರ.

ಬೈನಾಕ್ಯುಲರ್

ಇದೆ. ಅರಣ್ಯ ಇಲಾಖೆಯ ಬಸ್ ಸಫಾರಿ ದಮ್ಮನಕಟ್ಟೆಯಿಂದ ಹೊರಡುತ್ತದೆ, ಬೆಳಿಗ್ಗೆ ಒಂದು ಸರದಿ, ಮಧ್ಯಾಹ್ನದ ಮೇಲೆ ಒಂದು. ಸೀಟು ಬೇಗ ಮುಗಿಯುತ್ತದೆ. ಬೆಳಗಿನದಕ್ಕೆ ಹೋಗಿ. ಬಂಡೀಪುರದ್ದಾದರೆ ಈಗ ಮೇಲುಕಾಮನಹಳ್ಳಿಯಿಂದ ಹೊರಡುತ್ತದೆ, ಹಳೇ ಜಾಗಕ್ಕೆ ಹೋಗಿ ಪೆಚ್ಚಾಗಬೇಡಿ.

ಆದರೆ ಹೊರಡುವ ಮೊದಲು ಸಫಾರಿ ನಡೆಯುತ್ತಿದೆಯಾ ಅಂತ ಕೇಳಿಕೊಳ್ಳಿ. 2025ರ ನವೆಂಬರ್‌ನಲ್ಲಿ ಸರಗೂರು ಕಡೆ ಹುಲಿ ದಾಳಿಯಲ್ಲಿ ಜನ ಸತ್ತಾಗ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಿದ್ದರು.

ಕಪಿಲಾ ತೀರ

ಆ ದಾಳಿ ಆದಾಗ ಊರವರ ಸಿಟ್ಟು ಹುಲಿ ಮೇಲಷ್ಟೇ ಇರಲಿಲ್ಲ. ದಿನಾ ಜೀಪು, ಬಸ್ಸು ಓಡಾಡಿ ಕಾಡು ಕದಡುತ್ತದೆ, ಹುಲಿ ನಮ್ಮ ಹೊಲಕ್ಕೆ ಬರುತ್ತದೆ ಅನ್ನುವುದು ಇಲ್ಲಿನ ರೈತರ ಮಾತು. ಅದು ಎಷ್ಟು ಸರಿ ಅಂತ ತಜ್ಞರು ಹೇಳಲಿ. ಹತ್ತಿ ಹೊಲದಲ್ಲಿ ಬಗ್ಗಿ ಕೆಲಸ ಮಾಡುವವರ ಭಯ ಮಾತ್ರ ನಿಜ. ಆಗ ಅತಿಥಿಗಳು ಗ್ಯಾಲರಿಯಲ್ಲಿ, ನಾವು ಬೆಂಕಿ ಪಕ್ಕ. ಈಗ ಅತಿಥಿಗಳು ಜೀಪಲ್ಲಿ, ನಾವು ಹೊಲದಲ್ಲಿ.

ಅಂಚೆಚೀಲ ಅವರೇ, ಇದು ನಿಮ್ಮ ಮೇಲಿನ ಸಿಟ್ಟಲ್ಲ. ಖಂಡಿತ ಬನ್ನಿ. ದಮ್ಮನಕಟ್ಟೆ ಹತ್ತಿರದ ಅಂತರಸಂತೆಯಲ್ಲಿ ಊಟ ಮಾಡಿ, ಅಲ್ಲಿನ ಹಿರಿಯರನ್ನು ಮಾತಾಡಿಸಿ. ಎಪ್ಪತ್ತು ದಾಟಿದ ಯಾರನ್ನು ಕೇಳಿದರೂ ಕೊನೆಯ ಖೆಡ್ಡಾ ನೋಡಿದವರೋ, ನೋಡಿದವರ ಮಕ್ಕಳೋ ಸಿಗುತ್ತಾರೆ. ಆ ಬಂಗಲೆ ಗೋಡೆಗಿಂತ ಅವರ ಹತ್ತಿರ ಜಾಸ್ತಿ ಇದೆ. ಹಾಡಿಗಳಿಗೆ ಮಾತ್ರ ಸುಮ್ನೆ ಕ್ಯಾಮೆರಾ ಹಿಡಿದು ನುಗ್ಗಬೇಡಿ. ಪರಿಚಯದವರು ಕರೆದುಕೊಂಡು ಹೋದರೆ ಸರಿ.

ಹಳೇಪುಟ

ಚಾಮರಾಜನಗರದ ಕಡೆಗೆ: ಬಿಳಿಗಿರಿರಂಗನ ಬೆಟ್ಟದ ಕ್ಯಾತದೇವರಗುಡಿಗೆ ಹೋಗಿ. ಕೆ. ಗುಡಿ ಅಂದರೆ ಎಲ್ಲರಿಗೂ ಗೊತ್ತು. ಅಲ್ಲೂ ಮಹಾರಾಜರ ಬೇಟೆ ಬಂಗಲೆ ಇದೆ, ಅದೂ ಜಂಗಲ್ ಲಾಡ್ಜಸ್ ಶಿಬಿರದ ಒಳಗೆ. ಕಬಿನಿಯಷ್ಟು ಗದ್ದಲವಿಲ್ಲ. ಹುಲಿ ಕಾಣುವ ಆಸೆ ಕಡಿಮೆ ಇಟ್ಟುಕೊಳ್ಳಿ, ಕಾಡು ದಟ್ಟ. ನನಗೆ ಕೇಳಿದರೆ, ಬೇಟೆ ಬಂಗಲೆ ಅಂದರೆ ಹೇಗಿರುತ್ತಿತ್ತು ಎಂದು ತಿಳಿಯಲು ಕಬಿನಿಗಿಂತ ಇದೇ ಒಳ್ಳೆಯ ಜಾಗ. ಇಲ್ಲಿ ಸುತ್ತಲಿನ ಕಾಡು ಮುಳುಗಿಲ್ಲ.

ಕಪಿಲಾ ತೀರ ಎತ್ತಿದ ಪ್ರಶ್ನೆಗೂ ಅಲ್ಲಿ ಒಂದು ಉತ್ತರ ಇದೆ. ಆ ಬೆಟ್ಟದ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಸೋಲಿಗ ಆದಿವಾಸಿಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಪೋಡುಗಳಲ್ಲಿ (ಸೋಲಿಗರ ಊರು) ಜನ ಇದ್ದಾರೆ, ಹುಲಿಯೂ ಇದೆ. ನಾಗರಹೊಳೆ ಕಡೆ ಜೇನುಕುರುಬರು ಅದೇ ಹಕ್ಕಿಗೆ ಇನ್ನೂ ಬಡಿದಾಡುತ್ತಿದ್ದಾರೆ. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಯ ಕುಟುಂಬಗಳು ತಮ್ಮ ಹಳೇ ಜಾಗಕ್ಕೇ ಹೋಗಿ ಗುಡಿಸಲು ಹಾಕಿದ್ದು ಓದಿರಬಹುದು.

ಹಂಗಳದ ಹುಡುಗ

ಸೋಲಿಗರ ವಿಷಯ ಒಪ್ಪಿದೆ. ಅವರಿಗೆ ಕಾಡು ನಮಗಿಂತ ಚೆನ್ನಾಗಿ ಗೊತ್ತು. ಆದರೂ ರಾಜರ ಬಗ್ಗೆ ನನ್ನ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ, ಬೇಟೆಗೋ ಮತ್ಯಾವುದಕ್ಕೋ, ಗೆರೆ ಎಳೆದವರು ಅವರೇ.

ಕಪಿಲಾ ತೀರ

ಗೆರೆ ಎಳೆದರು ನಿಜ. ಗೆರೆಯ ಒಳಗೆ ಮನೆ ಇತ್ತು ತಮ್ಮಾ.

ಸಂಪಿಗೆ

ಇಬ್ಬರೂ ಒಂದು ದಿನ ಅಂತರಸಂತೆಯಲ್ಲಿ ಟೀ ಕುಡಿಯುತ್ತಾ ಮುಂದುವರಿಸಿ.

ಅಂಚೆಚೀಲ ಅವರೇ, ಸಣ್ಣಪುಟ್ಟದ್ದು: ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಬೇಡ. ಬೆಳಗಿನ ಸಫಾರಿಗೆ ಬೇಸಿಗೆಯಲ್ಲೂ ಅಪ್ಪನಿಗೆ ಒಂದು ಶಾಲು ಇರಲಿ. ಪ್ಲಾಸ್ಟಿಕ್ ಒಯ್ಯಬೇಡಿ. ಬಸ್ ಸಫಾರಿಯಲ್ಲಿ ಮಂಡಿನೋವಿನವರಿಗೆ ಮೆಟ್ಟಿಲು ಎತ್ತರ ಅನಿಸಬಹುದು, ಮುಂದಿನ ಸೀಟು ಕೇಳಿ ನೋಡಿ.

ಅಂಚೆಚೀಲ

ಹೀಗೆ ಅಂದುಕೊಂಡಿದ್ದೇನೆ. ಏಪ್ರಿಲ್‌ನಲ್ಲಿ ಮೊದಲು ಕೆ. ಗುಡಿಯಲ್ಲಿ ಒಂದು ರಾತ್ರಿ. ಆಮೇಲೆ ಮೈಸೂರಿಗೆ ಬಂದು ಉಳಿದು, ಬೆಳಿಗ್ಗೆ ಬೇಗ ಹೊರಟು ದಮ್ಮನಕಟ್ಟೆ ಸಫಾರಿ. ಮಧ್ಯಾಹ್ನ ಅಂತರಸಂತೆ. ಸಂಜೆ ಬಳ್ಳೆ ದಾಟಿ ಬಾವಲಿ ಕಡೆಯಿಂದ ವಯನಾಡಿಗೆ ಹೋಗಿ ಅಲ್ಲಿ ಉಳಿಯುವುದು. ಮರಳುವಾಗ ರಾತ್ರಿ ಬತ್ತೇರಿ–ಗುಂಡ್ಲುಪೇಟೆ ರಸ್ತೆಯಲ್ಲಿ ಬಂಡೀಪುರದ ಮೂಲಕ ಬರಬಹುದು ಅಲ್ವಾ? ಬಂಡೀಪುರವೂ ನೋಡಿದಂತಾಗುತ್ತದೆ.

ಹಂಗಳದ ಹುಡುಗ

ರಾತ್ರಿ ಆಗುವುದಿಲ್ಲ ಸಾರ್. 2009ರಿಂದ ಆ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್. ಹಗಲಲ್ಲೇ ಬನ್ನಿ. ದಾರಿಯಲ್ಲಿ ಜಿಂಕೆ, ಆನೆ ಹೇಗೂ ಕಾಣುತ್ತವೆ, ಇಳಿಯಬೇಡಿ ಅಷ್ಟೇ.

ಕಪಿಲಾ ತೀರ

ಬಳ್ಳೆ–ಬಾವಲಿ ರಸ್ತೆ ಇನ್ನೂ ಬೇಗ ಮುಚ್ಚುತ್ತದೆ, ಸಂಜೆ ಆರಕ್ಕೇ. ಗೇಟಿಗೆ ಐದರ ಒಳಗೆ ಬಂದುಬಿಡಿ. ಐದು ನಿಮಿಷ ತಡವಾದರೂ ಬಿಡುವುದಿಲ್ಲ, ಮೈಸೂರಿಗೇ ವಾಪಸ್ ಹೋಗಬೇಕಾಗುತ್ತದೆ.